ಫೋನ್ ಕದ್ದಾಲಿಕೆಗೆ ನ್ಯಾಯಾಧೀಶರ ಸಹಿ ಏಕಿಲ್ಲ?

ಅಕಾರಣ ಶೋಧ, ಜಪ್ತಿಯಿಂದ ಜನರನ್ನು ಕಾಯುವ ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯಂಥ ವಿಧಿ ನಮ್ಮ ಸಂವಿಧಾನದಲ್ಲಿಲ್ಲ. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ ಇದನ್ನೇ ಎತ್ತಿ ತೋರಿಸಿ, ಶೋಧದ ವಿರುದ್ಧ ಖಾಸಗಿತನದ ಹಕ್ಕು ಕೇಳಲಾಗದು ಎಂದಿತು.

ನಂತರ ಬಂದದ್ದು ಖರಕ್ ಸಿಂಗ್ ಪ್ರಕರಣ. ಡಕಾಯಿತಿ ಆರೋಪದಲ್ಲಿ ಸಾಕ್ಷ್ಯ ಸಿಗದೆ ಬಿಡುಗಡೆಯಾದ ಖರಕ್ ಸಿಂಗ್ ಮೇಲೆ ಉತ್ತರ ಪ್ರದೇಶ ಪೊಲೀಸರು ಹಿಸ್ಟರಿ ಶೀಟ್ ತೆರೆದಿದ್ದರು. ರಾತ್ರಿ ಬಾಗಿಲು ಬಡಿದು ನಿದ್ದೆಯಿಂದ ಎಬ್ಬಿಸುತ್ತಿದ್ದರು. 1962ರಲ್ಲಿ ಕೋರ್ಟ್ ರಾತ್ರಿ ಭೇಟಿಯನ್ನಷ್ಟೇ ರದ್ದುಪಡಿಸಿತು. ಬೆನ್ನು ಹತ್ತಿ ಚಲನವಲನ ಬರೆದಿಡುವುದಕ್ಕೆ ಅಡ್ಡಿ ಹೇಳಲಿಲ್ಲ. ಖಾಸಗಿತನವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದ ನ್ಯಾಯಮೂರ್ತಿ ಸುಬ್ಬರಾವ್ ಅವರದು ಭಿನ್ನಮತವಾಗಿಯೇ ಉಳಿಯಿತು. ಆ ಮಾತನ್ನು ಇಡೀ ಕೋರ್ಟ್ ಒಪ್ಪಲು 2017ರ ಆಗಸ್ಟ್ 24 ಬರಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು.

ಫೋನಿನ ಕತೆ ಬೇರೆ. 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಂ ಕದ್ದಾಲಿಕೆಯ ಅಧಿಕಾರವನ್ನು ಸರ್ಕಾರಕ್ಕೇ ಕೊಟ್ಟಿತ್ತು. 1988ರಲ್ಲಿ ಕದ್ದಾಲಿಕೆ ಆರೋಪದ ನಡುವೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ತೊರೆದರು. ಅಂಕುಶ ಬಿದ್ದದ್ದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದ 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ: ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇರಲೇಬೇಕು, ಗೃಹ ಕಾರ್ಯದರ್ಶಿಯೇ ಆದೇಶ ಹೊರಡಿಸಬೇಕು. ನ್ಯಾಯಾಂಗದ ಪೂರ್ವಾನುಮತಿಯನ್ನು ಮಾತ್ರ ಕೋರ್ಟ್ ಕಡ್ಡಾಯ ಮಾಡಲಿಲ್ಲ. ನಮ್ಮ ಪ್ರಕಾರ ದೊಡ್ಡ ಬಿರುಕು ಇದೇ. 2024ರ ಡಿಸೆಂಬರಿನ ಹೊಸ ನಿಯಮಗಳಲ್ಲೂ ಆದೇಶದ ಆಯಸ್ಸು 60 ದಿನ, ವಿಸ್ತರಿಸಿದರೆ ಗರಿಷ್ಠ 180 ದಿನ. ಪರಿಶೀಲನಾ ಸಮಿತಿಯಲ್ಲಿ ಕೂರುವವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿಯಂಥ ಅಧಿಕಾರಿಗಳೇ. ಸರ್ಕಾರದ ಆದೇಶವನ್ನು ಸರ್ಕಾರವೇ ತೂಗುತ್ತದೆ.

ಕದ್ದಾಲಿಕೆಗೆ ಒಳಗಾದವರಿಗೆ ಯಾರೂ ನೋಟಿಸ್ ಕೊಡುವುದಿಲ್ಲ. ಚಾರ್ಜ್‌ಶೀಟಿನಲ್ಲಿ ಸಂಭಾಷಣೆಯ ಪ್ರತಿ ಕಂಡಾಗಲೇ ಎಷ್ಟೋ ಜನಕ್ಕೆ ಗೊತ್ತಾಗುವುದು. 2019ರಲ್ಲಿ ಬಾಂಬೆ ಹೈಕೋರ್ಟ್ ಲಂಚದ ಪ್ರಕರಣವೊಂದರಲ್ಲಿ ಇಂಥ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದುಪಡಿಸಿ, ಧ್ವನಿಮುದ್ರಿಕೆಗಳನ್ನು ನಾಶಪಡಿಸಲು ಹೇಳಿತು. ಆದರೆ ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯವೂ ಪ್ರಸ್ತುತವಾಗಿದ್ದರೆ ನಡೆಯುತ್ತದೆ ಎಂಬ ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪನ್ನು ಪ್ರಾಸಿಕ್ಯೂಷನ್ ಈಗಲೂ ಮುಂದಿಡುತ್ತದೆ.

ಮನೆ ಶೋಧದಲ್ಲಿ ಹಿಡಿಯಲು ಒಂದು ಕಾಗದವಾದರೂ ಇದೆ. ವಾರಂಟ್ ಇಲ್ಲದೆ ಬರುವ ತನಿಖಾಧಿಕಾರಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಪ್ರಕಾರ, ಏಕೆ ಮತ್ತು ಯಾವ ವಸ್ತುವಿಗಾಗಿ ಶೋಧ ಎಂಬುದನ್ನು ಬರೆದಿಡಬೇಕು, ವಿಡಿಯೊ ಮಾಡಬೇಕು, ದಾಖಲೆಯ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮನೆಯವರು ಅರ್ಜಿ ಕೊಟ್ಟರೆ ಆ ಪ್ರತಿ ಉಚಿತವಾಗಿ ಸಿಗುತ್ತದೆ.