ಟೆನಿಸ್ ಬಾಲ್ ತಿರುಗುತ್ತದೆ, ಲೆದರ್ ಬಾಲ್ ಯಾಕೆ ತಿರುಗುವುದಿಲ್ಲ?

ಪ್ರಶ್ನೆ: ಕಾರವಾರದ ಬೀಚಿನಲ್ಲಿ ಟೆನಿಸ್ ಬಾಲ್ ಆಡುವಾಗ ನನ್ನ ಲೆಗ್ ಸ್ಪಿನ್ ಮೊಳದಷ್ಟು ತಿರುಗುತ್ತದೆ. ಲೆದರ್ ಬಾಲ್ ಹಿಡಿದರೆ ನೆಟ್ಟಗೆ ಹೋಗುತ್ತದೆ. ಜೋರಾಗಿ ತಿರುಗಿಸಲು ಹೋದರೆ ಅರ್ಧ ಪಿಚ್ಚಿನಲ್ಲೇ ಬೀಳುತ್ತದೆ. ಬೆರಳಿಗೆ ಏನಾದರೂ ವ್ಯಾಯಾಮ ಇದೆಯೇ?

ಉತ್ತರ: ಬೆರಳಿನ ಚಿಂತೆ ಆಮೇಲೆ, ಮೊದಲು ಎಡಗಾಲು ನೋಡಿಕೊಳ್ಳಿ. (ನೀವು ಬಲಗೈ ಬೌಲರ್ ಎಂದುಕೊಂಡು ಬರೆಯುತ್ತಿದ್ದೇನೆ. ಲೆಗ್ ಸ್ಪಿನ್ ಎಂದರೆ ಬಿದ್ದ ಮೇಲೆ ಬಲಗೈ ಬ್ಯಾಟರ್‌ನ ಕಾಲಿನ ಕಡೆಯಿಂದ ಹೊರಕ್ಕೆ ತಿರುಗುವ ಬಾಲ್.)

ಟೆನಿಸ್ ಬಾಲ್ ನಿಮ್ಮನ್ನು ಕೆಡಿಸಿದೆ ಎನ್ನಲಾರೆ, ಮುದ್ದು ಮಾಡಿ ಬೆಳೆಸಿದೆ. ಸಾಮಾನ್ಯ ಟೆನಿಸ್ ಬಾಲ್ ತೂಗುವುದು 58 ಗ್ರಾಂ ಆಸುಪಾಸು. ಮೈತುಂಬ ರೋಮ, ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಬೆರಳ ತುದಿಯಲ್ಲಿ ಸವರಿ ಬಿಟ್ಟರೂ ತಿರುಗೀತು. ಲೆದರ್ ಬಾಲ್ 156ರಿಂದ 163 ಗ್ರಾಂ. ಆ ತೂಕವನ್ನು ಬೆರಳೊಂದೇ ತಿರುಗಿಸಲಾರದು. ಮಣಿಕಟ್ಟು, ಭುಜ, ಸೊಂಟ ಮೂರೂ ಸೇರಬೇಕು, ಅವು ಮೂರೂ ತಿರುಗುವುದು ಊರಿದ ಎಡಗಾಲಿನ ಮೇಲೆ.

ನಿಮ್ಮ ಕಾಲು ತಿರುಗುತ್ತಿದೆಯೋ ಇಲ್ಲವೋ ಎಂದು ಹೇಳಲು ಕೋಚ್ ಬೇಕಿಲ್ಲ, ಬೀಚೇ ಹೇಳುತ್ತದೆ. ಇಳಿತದ ಹೊತ್ತಿಗೆ, ನೀರು ಹಿಂದೆ ಸರಿದು ಗಟ್ಟಿಯಾದ ಮರಳಿನಲ್ಲಿ ಬರಿಗಾಲಲ್ಲಿ ಒಂದು ಬಾಲ್ ಹಾಕಿ. ಬಾಲ್ ಹೋದ ಕಡೆ ನೋಡಬೇಡಿ, ಎಡಗಾಲಿನ ಗುರುತು ನೋಡಿ. ಅಚ್ಚೊತ್ತಿದಂಥ ಚೊಕ್ಕ ಹೆಜ್ಜೆ ಮೂಡಿದ್ದರೆ ಕಾಲೂರಿ ನಿಂತು ಬರೀ ಕೈಯಲ್ಲಿ ಹಾಕಿದ್ದೀರಿ ಎಂದರ್ಥ. ಮುಂಗಾಲು ಬಿದ್ದಲ್ಲಿ ಬುಗುರಿ ಆಡಿಸಿದ ಹಾಗೆ ಮರಳು ಗುಂಡಗೆ ಕಡೆದಿದ್ದರೆ ಮೈ ತಿರುಗಿದೆ. ಬಲಗಾಲು ಆ ಗುಂಡಿಯನ್ನು ದಾಟಿ ಮುಂದೆ ಬಿದ್ದಿರಬೇಕು, ಬಲ ಭುಜ ಬ್ಯಾಟರ್ ಕಡೆ ಮುಖ ಮಾಡಿರಬೇಕು. ಹತ್ತು ಸಲ ಹಾಕಿ ಹತ್ತು ಗುರುತು ನೋಡಿ. ಶಿರಸಿ ಕಡೆಯ ಓದುಗರು ಮಣ್ಣಿನ ಅಂಗಳದಲ್ಲಿ ಇದನ್ನೇ ಮಾಡಬಹುದು. ಅಡಿಕೆ ಒಣಗಿಸಲೆಂದು ಸಗಣಿ ಸಾರಿಸಿದ ಅಂಗಳದಲ್ಲಿ ಮಾತ್ರ ಬೇಡ, ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ.

ಬಾಲ್ ಅರ್ಧ ಪಿಚ್ಚಿನಲ್ಲಿ ಬೀಳುವ ರೋಗವೂ ಇಲ್ಲೇ ಹುಟ್ಟುವುದು. ಜೋರು ಬೇಕೆಂದು ನೀವು ಉದ್ದ ಹೆಜ್ಜೆ ಇಡುತ್ತಿರಬೇಕು. ಹೆಜ್ಜೆ ಉದ್ದವಾದರೆ ಮೈ ಹಿಂದೆ ಉಳಿಯುತ್ತದೆ, ತಲೆ ಎಡಕ್ಕೆ ವಾಲುತ್ತದೆ, ಎಡ ಭುಜ ಮೊದಲೇ ಕುಸಿಯುತ್ತದೆ. ಆಗ ಕೈ ಬಾಲನ್ನು ಕೆಳಕ್ಕೆ ಎಳೆದು ತಡವಾಗಿ ಬಿಡುತ್ತದೆ. ಹೆಜ್ಜೆಯನ್ನು ಅರ್ಧ ಅಡಿ ಮೊಟಕು ಮಾಡಿ. ಎಡಗೈಯನ್ನು ಬ್ಯಾಟರ್ ಕಡೆ ಎತ್ತರಕ್ಕೆ ಚಾಚಿ. ಎಷ್ಟೋ ಹುಡುಗರಿಗೆ ಇಷ್ಟರಲ್ಲೇ ಬಾಲ್ ಒಂದೆರಡು ಗಜ ಮುಂದೆ ಹೋಗಿ ಬೀಳತೊಡಗುತ್ತದೆ.

ಇನ್ನು ಬೆರಳು. ತೋರುಬೆರಳು, ನಡುಬೆರಳುಗಳ ಮೊದಲ ಗೆಣ್ಣು ಸೀಮಿನ (ಬಾಲಿನ ಹೊಲಿಗೆಯ) ಮೇಲೆ ಅಡ್ಡ ಕೂರಲಿ. ಮಡಚಿದ ಉಂಗುರ ಬೆರಳು ಸೀಮಿಗೆ ಒತ್ತಿರಲಿ, ತಿರುಗಿಸುವ ಕೆಲಸದ ದೊಡ್ಡ ಪಾಲು ಅದರದೇ. ಹೆಬ್ಬೆರಳು ಸುಮ್ಮನೆ ತಾಗಿದ್ದರೆ ಸಾಕು. ಬಾಲನ್ನು ಅಂಗೈಗೆ ಅಮುಕಬೇಡಿ. ಎದುರಿಗೆ ಹಿಡಿದ ಡಬ್ಬಿಯ ಮುಚ್ಚಳ ತೆರೆಯುವ ದಿಕ್ಕಿಗೆ ಕೈ ತಿರುಗಬೇಕು, ಸೀಮ್ ಮೊದಲ ಸ್ಲಿಪ್ (ವಿಕೆಟ್ ಕೀಪರ್ ಪಕ್ಕದ ಫೀಲ್ಡರ್) ಕಡೆ ತೋರಿಸುತ್ತ ಹೋಗಬೇಕು. ಜೂನ್‌ನಿಂದ ನಮ್ಮಲ್ಲಿ ಮೈದಾನಕ್ಕೆ ಇಳಿಯುವ ಮಾತೇ ಇಲ್ಲವಲ್ಲ, ಆಗ ಜಗುಲಿಯಲ್ಲಿ ಕೂತು ಬಲಗೈಯಿಂದ ಎಡಗೈಗೆ ತಿರುಗಿಸುತ್ತಿರಿ. ಸೀಮ್ ಓಲಾಡದೆ ಸುತ್ತಿದರೆ ಬೆರಳು ಸರಿಯಿದೆ.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಲೆಗ್ ಸ್ಪಿನ್ ಅಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವವರು ಚಂದ್ರಶೇಖರ್, ಅನಿಲ್ ಕುಂಬ್ಳೆ. ಇಬ್ಬರೂ ರೂಢಿಗೆ ಹೊರತಾದವರು. ಚಂದ್ರಶೇಖರ್ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದರು. ಎತ್ತರದ ಆಳು ಕುಂಬ್ಳೆ ವೇಗ ಮತ್ತು ಪುಟಿತದಿಂದ 619 ತೆಗೆದರು. ಇಬ್ಬರ ವೇಗವನ್ನೂ ನಕಲು ಮಾಡಲು ಹೋಗಿ ತಿರುವು ಕಳೆದುಕೊಂಡವರು ಬಹಳ. ಕಲಿಯಲು ಆಸ್ಟ್ರೇಲಿಯಾದ ಶೇನ್ ವಾರ್ನ್ ಮೇಲು. ನಾಲ್ಕು ಹೆಜ್ಜೆ ನಡೆದು ಬಂದು ಎಡಗಾಲ ಮೇಲೆ ಹೇಗೆ ಹೊರಳುತ್ತಿದ್ದರು ಎಂದು ವಿಡಿಯೊ ನಿಧಾನ ಮಾಡಿ ನೋಡಿ. ನಿಧಾನ ಇರುವುದು ಓಟದಲ್ಲಿ, ತೋಳಿನಲ್ಲಲ್ಲ. 1993ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡಿನ ಮೈಕ್ ಗ್ಯಾಟಿಂಗ್‌ಗೆ ಹಾಕಿದ ಬಾಲ್ ಗಾಳಿಯಲ್ಲೇ ಲೆಗ್ ಸೈಡಿಗೆ ಸರಿದು, ಬಿದ್ದ ಮೇಲೆ ತಿರುಗಿ ಆಫ್ ಸ್ಟಂಪಿನ ತುದಿಗೆ ಬಡಿಯಿತು. ಗಾಳಿಯಲ್ಲಿನ ಆ ಸರಿತವೂ ಬಾಲ್ ಜೋರಾಗಿ ಸುತ್ತಿದ್ದರ ಫಲವೇ.

ಕಾರವಾರದ ಮಾಲಾದೇವಿ ಮೈದಾನವಿರಲಿ, ಕುಮಟಾದ ಮಣಕಿಯಿರಲಿ, ಒಂದು ಸಿಕ್ಸ್ ಬಿದ್ದರೆ ಸಾಕು, ಕ್ಯಾಪ್ಟನ್ ‘ಟೈಟ್ ಹಾಕೋ’ ಎಂದು ಕೂಗುತ್ತಾನೆ. ನಾಲ್ಕಾರು ಓವರಿನ ಪಂದ್ಯದಲ್ಲಿ ಅವನದೂ ತಪ್ಪಲ್ಲ. ಆದರೆ ನೆಟ್ಸ್‌ನಲ್ಲಿ ಅವನ ಮಾತು ಕೇಳಬೇಡಿ. ಮೊದಲು ತಿರುವು ಬರಲಿ, ಲೆಂಗ್ತ್ (ಬಾಲ್ ಬೇಕಾದಲ್ಲಿ ಬೀಳುವುದು) ಹಿಂದೆಯೇ ಬರುತ್ತದೆ. ಬಾಲನ್ನು ಗಾಳಿಯಲ್ಲಿ ಎತ್ತದೆ ಚಪ್ಪಟೆ ಹಾಕಿ ರೂಢಿಯಾದವರಿಗೆ ತಿರುವು ತರಿಸುವುದು ಕಷ್ಟ. ಗೂಗ್ಲಿಯನ್ನು (ಲೆಗ್ ಸ್ಪಿನ್ನಿನಂತೆ ಕಂಡು ಒಳಕ್ಕೆ ತಿರುಗುವ ಬಾಲ್) ಈ ವರ್ಷ ಮುಟ್ಟಲೇಬೇಡಿ. ಅದರ ರುಚಿ ಹತ್ತಿದರೆ ಭುಜ ಕುಸಿದು, ಹೊರಕ್ಕೆ ತಿರುಗುವ ಮಾಮೂಲಿ ಲೆಗ್ ಬ್ರೇಕೇ ಮರೆತುಹೋಗುತ್ತದೆ.

ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಾಗ ಅದಕ್ಕೆ ಎದುರಾಗಿ ಹಾಕಿ ನೋಡಿ. ಎದುರುಗಾಳಿಯಲ್ಲಿ ಬಾಲ್ ಹೆಚ್ಚು ಸರಿಯುತ್ತದೆ, ತಟ್ಟನೆ ಇಳಿಯುತ್ತದೆ. ಬೀಚಿನಲ್ಲಿ ಹಾಗೆ ಹಾಕಬೇಕಾದರೆ ಸಮುದ್ರಕ್ಕೇ ಮುಖ ಮಾಡಬೇಕು. ಹಳೆಯ ಬಾಲ್ ಒಯ್ಯಿರಿ, ವಿಕೆಟ್ ಹಿಂದೆ ಕೈ ಗಟ್ಟಿ ಇರುವ ಗೆಳೆಯನನ್ನು ನಿಲ್ಲಿಸಿ.