ಹ್ಯಾರಿಯರ್: ನೇರಕ್ಕೆ ಏಳುವ ವಿಮಾನ ಯಾಕೆ ಓಡಿಯೇ ಏಳುತ್ತಿತ್ತು?

ಬ್ರಿಟನ್ನಿನ ಹ್ಯಾರಿಯರ್ ಯುದ್ಧವಿಮಾನದ ಮೂಗಿನ ಮೇಲೆ, ಪೈಲಟ್‌ನ ಕಣ್ಣೆದುರಿಗೇ, ಒಂದು ಪುಟ್ಟ ಗಾಳಿಸೂಚಿ ಇತ್ತು. ಗಾಳಿ ಬೀಸಿದ ಕಡೆ ತಿರುಗುವ ತಗಡಿನ ತುಂಡು, ಅಷ್ಟೇ. ಗಂಟೆಗೆ ಸಾವಿರ ಕಿಲೋಮೀಟರ್ ಮೀರಿ ಹಾರುವ ಜೆಟ್‌ಗೆ ಇದೇಕೆ ಅನ್ನಿಸುತ್ತದೆ, ಅಲ್ವಾ? ಆದರೆ ವಿಮಾನ ಗಾಳಿಯಲ್ಲಿ ನಿಂತಾಗ ಪೈಲಟ್ ಜಾಸ್ತಿ ನೋಡುತ್ತಿದ್ದ ವಸ್ತುಗಳಲ್ಲಿ ಅದೂ ಒಂದು. ಎಂಜಿನ್ ದೊಡ್ಡ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಆಗ ಗಾಳಿ ಮುಂದಿನಿಂದ ಬರದೆ ಪಕ್ಕದಿಂದ ಬಂದರೆ ವಿಮಾನ ಒಂದು ಕಡೆಗೆ ಮಗುಚಿಕೊಳ್ಳಲು ಶುರು ಮಾಡುತ್ತದೆ. ಒಂದು ಮಿತಿ ದಾಟಿದರೆ ಯಾವ ಪೈಲಟ್‌ಗೂ ಅದನ್ನು ಸರಿಪಡಿಸಲು ಆಗದು.

ನೇರಕ್ಕೆ ಏಳುವ ಯುದ್ಧವಿಮಾನ ಬೇಕು ಅನ್ನಿಸಿದ್ದು 1950ರ ದಶಕದಲ್ಲಿ. ಯುದ್ಧ ಶುರುವಾದರೆ ಶತ್ರು ಮೊದಲು ರನ್‌ವೇಗಳನ್ನೇ ಒಡೆಯುತ್ತಾನೆ, ಆಮೇಲೆ ನೂರಾರು ಜೆಟ್‌ಗಳಿದ್ದೂ ಪ್ರಯೋಜನವಿಲ್ಲ ಎಂಬುದು ಆಗಿನ ಭಯ. ಅಮೆರಿಕದವರು ಬಾಲ ಊರಿ ನಿಲ್ಲುವ ವಿಮಾನ ಮಾಡಿದರು. 1954ರಲ್ಲಿ ಹಾರಿದ ಕಾನ್ವೇರ್ ಪೋಗೋ ಅಂಥದ್ದು. ಏಳುವುದೇನೋ ಏಳುತ್ತಿತ್ತು. ಇಳಿಯುವಾಗ ಪೈಲಟ್ ಮಲಗಿದ ಹಾಗಿದ್ದು, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾ ನೆಲ ಹುಡುಕಬೇಕಿತ್ತು. ಫ್ರೆಂಚರು ಮಿರಾಜ್ ವಿಮಾನಕ್ಕೆ ಮೇಲೆತ್ತಲೆಂದೇ ಎಂಟು ಸಣ್ಣ ಎಂಜಿನ್ ಜೋಡಿಸಿದರು. ಮುಂದಕ್ಕೆ ಹೋಗಲು ಇನ್ನೊಂದು ಬೇರೆ. ಒಟ್ಟು ಒಂಬತ್ತು! ಮೇಲೆದ್ದ ಮೇಲೆ ಆ ಎಂಟೂ ಸುಮ್ನೆ ಹೊತ್ತು ತಿರುಗುವ ಭಾರ.

ಹೊಸ ದಾರಿ ತೋರಿಸಿದ್ದು ಮಿಶೆಲ್ ವಿಬೋ ಎಂಬ ಫ್ರೆಂಚ್ ವಿನ್ಯಾಸಕ. ಎಂಜಿನ್ ಒಂದೇ ಸಾಕು, ಅದರ ಗಾಳಿಯನ್ನು ಬೇಕಾದ ಕಡೆ ತಿರುಗಿಸೋಣ ಎಂದ. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯಲ್ಲಿ ಸ್ಟ್ಯಾನ್ಲಿ ಹೂಕರ್, ಗಾರ್ಡನ್ ಲೂಯಿಸ್ ಅದನ್ನು ತಿದ್ದಿ ತೀಡಿ ಪೆಗಾಸಸ್ ಎಂಜಿನ್ ಮಾಡಿದರು. ಹಾಕರ್ ಕಂಪನಿಯ ರಾಲ್ಫ್ ಹೂಪರ್ ಅದರ ಸುತ್ತ ವಿಮಾನ ಕಟ್ಟಿದರು. ಸುತ್ತ ಅಂದರೆ ನಿಜಕ್ಕೂ ಸುತ್ತ: ಹ್ಯಾರಿಯರ್‌ನ ಎಂಜಿನ್ ಬದಲಿಸಬೇಕೆಂದರೆ ಮೊದಲು ರೆಕ್ಕೆಯನ್ನೇ ಬಿಚ್ಚಿ ಎತ್ತಿಡಬೇಕು.

ಎಂಜಿನ್ನಿನ ಎರಡೂ ಪಕ್ಕ ಎರಡೆರಡು ನಳಿಕೆಗಳು. ಮುಂದಿನ ಜೋಡಿಯಿಂದ ಫ್ಯಾನಿನ ತಣ್ಣನೆ ಗಾಳಿ, ಹಿಂದಿನ ಜೋಡಿಯಿಂದ ಉರಿಬಿಸಿ ಗಾಳಿ. ನಾಲ್ಕೂ ಒಟ್ಟಿಗೆ ತಿರುಗುತ್ತವೆ. ಹಿಂದಕ್ಕೆ ತಿರುಗಿದ್ದರೆ ಮಾಮೂಲಿ ಜೆಟ್, ಕೆಳಕ್ಕೆ ತಿರುಗಿದರೆ ಗಾಳಿಯ ಕಂಬದ ಮೇಲೆ ನಿಂತ ವಿಮಾನ. ಇದಕ್ಕಾಗಿ ಕಾಕ್‌ಪಿಟ್‌ನಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಒಂದು ಲಿವರ್, ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಪಕ್ಕದಲ್ಲಿ. ಆದರೆ ನಿಂತ ವಿಮಾನದ ರೆಕ್ಕೆಗೂ ಬಾಲಕ್ಕೂ ಗಾಳಿಯ ಹಿಡಿತ ಇರುವುದಿಲ್ಲ. ಹಾಗಾಗಿ ಎಂಜಿನ್ನಿನಿಂದಲೇ ಒಂದಿಷ್ಟು ಗಾಳಿ ಕದ್ದು ಮೂಗು, ಬಾಲ, ರೆಕ್ಕೆಯ ತುದಿಗಳಿಂದ ಪುಸ್ ಪುಸ್ ಎಂದು ಬಿಟ್ಟು ಸಮತೋಲ ಕಾಯುತ್ತಿದ್ದರು.

1960ರ ಅಕ್ಟೋಬರ್ 21ರಂದು ಇಂಗ್ಲೆಂಡಿನ ಡನ್ಸ್‌ಫೋಲ್ಡ್‌ನಲ್ಲಿ ಮೊದಲ ಮಾದರಿ ನೆಲ ಬಿಟ್ಟಿತು. ಬಿಗಿದ ಹಗ್ಗಗಳು ಹಿಡಿದಿದ್ದವು. ಒಳಗಿದ್ದ ಬಿಲ್ ಬೆಡ್‌ಫೋರ್ಡ್ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು, ಕಾರ್ ಅಪಘಾತದಲ್ಲಿ ಮುರಿದಿತ್ತು. ವಿಮಾನದಿಂದ ಬೇಡದ್ದನ್ನೆಲ್ಲ ಬಿಚ್ಚಿದ್ದರು, ಇಲ್ಲದಿದ್ದರೆ ಏಳುತ್ತಲೇ ಇರಲಿಲ್ಲ. ತೂಕದ ಈ ಕಾಟ ಹ್ಯಾರಿಯರ್‌ನ್ನು ಕೊನೆಯವರೆಗೂ ಬಿಡಲಿಲ್ಲ.

ಲೆಕ್ಕ ಸರಳ. 1969ರಲ್ಲಿ ಬ್ರಿಟಿಷ್ ವಾಯುಪಡೆಗೆ ಸೇರಿದ ಹ್ಯಾರಿಯರ್‌ನ ಮುಂದಿನ ರೂಪ ಜಿಆರ್3. ಅದರ ಎಂಜಿನ್ ಎತ್ತಬಲ್ಲದ್ದು ಹತ್ತಿರ ಹತ್ತಿರ 9.7 ಟನ್. ಖಾಲಿ ವಿಮಾನವೇ 6 ಟನ್ ಮೇಲೆ. ಇಂಧನ ತುಂಬಿದರೆ ಇನ್ನೂ 2 ಟನ್ ದಾಟುತ್ತದೆ. ಬಾಂಬಿಗೆ ಉಳಿಯುವುದು ಒಂದು ಟನ್ನಿನ ಆಸುಪಾಸು. ಸೆಕೆ ಜಾಸ್ತಿಯಾದರೆ ಅದೂ ಇಲ್ಲ. ಎಂಜಿನ್ನಿಗೆ ನೀರು ಚಿಮ್ಮಿಸಿ ಹೆಚ್ಚಿನ ಶಕ್ತಿ ಪಡೆಯುತ್ತಿದ್ದರು, ಆದರೆ ಆ ನೀರು ಒಂದೂವರೆ ನಿಮಿಷಕ್ಕೆ ಖಾಲಿ. ಅದೇ ವಿಮಾನ ಸ್ವಲ್ಪ ದೂರ ಓಡಿ ಎದ್ದರೆ ರೆಕ್ಕೆಯೂ ಭಾರ ಹೊರುತ್ತದೆ, 11 ಟನ್ ದಾಟಿದರೂ ಏಳಬಲ್ಲದು. ಪ್ರದರ್ಶನದಲ್ಲಿ ನೇರಕ್ಕೆ ಎದ್ದು ಚಪ್ಪಾಳೆ ಗಿಟ್ಟಿಸಿದರೂ, ಯುದ್ಧಕ್ಕೆ ಹೊರಟಾಗ ಹ್ಯಾರಿಯರ್ ಸಾಮಾನ್ಯವಾಗಿ ಓಡಿಯೇ ಏಳುತ್ತಿತ್ತು. ಇಂಧನ ಸುಟ್ಟು, ಬಾಂಬು ಹಾಕಿ, ಹಗುರಾಗಿ ಬಂದು ನೇರಕ್ಕೆ ಇಳಿಯುತ್ತಿತ್ತು. ಅದರ ನಿಜವಾದ ವರ ಇದ್ದದ್ದು ಇಳಿಯುವುದರಲ್ಲಿ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ನೌಕಾಪಡೆಯವರು. ಹಡಗಿನ ಓಟದ ಪಟ್ಟಿಯ ತುದಿಯನ್ನು ಮೇಲಕ್ಕೆ ಬಾಗಿಸಿದರೆ ವಿಮಾನ ಭಾರ ಹೊತ್ತು ಜಿಗಿಯಬಹುದು ಎಂದವರು ಡಗ್ ಟೇಲರ್ ಎಂಬ ಬ್ರಿಟಿಷ್ ನೌಕಾಧಿಕಾರಿ. ಇದೇ ಸ್ಕೀ ಜಂಪ್. 1982ರಲ್ಲಿ ಬ್ರಿಟನ್, ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಹರ್ಮಿಸ್ ಹಡಗಿನ ಪಟ್ಟಿಯ ಬಾಗು 12 ಡಿಗ್ರಿ, ಇನ್ವಿನ್ಸಿಬಲ್‌ದು 7. ಅಲ್ಲಿ ನೌಕಾಪಡೆಯ ರೂಪವಾದ 28 ಸೀ ಹ್ಯಾರಿಯರ್‌ಗಳು ಅರ್ಜೆಂಟೀನಾದ ಸುಮಾರು 20 ವಿಮಾನ ಉರುಳಿಸಿದವು. ಆಕಾಶದ ಕಾಳಗದಲ್ಲಿ ತಮ್ಮದೊಂದೂ ಕಳೆದುಕೊಳ್ಳಲಿಲ್ಲ. ಆರು ಹೋದದ್ದು ಅಪಘಾತಕ್ಕೆ, ನೆಲದಿಂದ ಬಂದ ಗುಂಡಿಗೆ. ನಳಿಕೆ ತಿರುಗಿಸಿ ಗಾಳಿಯಲ್ಲಿ ಗಕ್ಕನೆ ನಿಂತು ಹೊಡೆದರು ಎಂಬ ಕಥೆ ರೋಚಕವೇನೋ ಹೌದು. ಆದರೆ ಕೆಲಸ ಮಾಡಿದ್ದು ಸೈಡ್‌ವೈಂಡರ್ ಕ್ಷಿಪಣಿಯ ಹೊಸ ರೂಪ, ಪೈಲಟ್‌ಗಳ ತರಬೇತಿ, ಜೊತೆಗೆ ದೂರದಿಂದ ಬಂದ ಎದುರಾಳಿಗಳ ಇಂಧನದ ಕೊರತೆ.

ಅದೇ ಹರ್ಮಿಸ್ 1987ರಲ್ಲಿ ಐಎನ್‌ಎಸ್ ವಿರಾಟ್ ಆಗಿ ಭಾರತಕ್ಕೆ ಬಂತು. ಸೀ ಹ್ಯಾರಿಯರ್‌ಗಳು ಅದಕ್ಕೂ ಮೊದಲೇ, 1983ರಲ್ಲಿ ಗೋವಾಕ್ಕೆ ಬಂದಿಳಿದಿದ್ದವು. ವೈಟ್ ಟೈಗರ್ಸ್ ದಳ ಅವನ್ನು 2016ರವರೆಗೆ ಹಾರಿಸಿತು.

ಪೈಲಟ್‌ಗಳಿಗೆ ಮಾತ್ರ ಇದು ದುಬಾರಿ ವಿಮಾನ. ಅಮೆರಿಕದ ಮರೀನ್ ದಳದಲ್ಲಿ ಎಷ್ಟು ಅಪಘಾತಗಳಾದವೆಂದರೆ, 'ವಿಧವೆ ಮಾಡುವ ವಿಮಾನ' ಎಂಬ ಅಡ್ಡಹೆಸರು ಅಂಟಿಕೊಂಡಿತು. ನಿಂತಲ್ಲಿ ಎಂಜಿನ್ ಕೈಕೊಟ್ಟರೆ ತೇಲಿಕೊಂಡು ಹೋಗುವ ಮಾತೇ ಇಲ್ಲ, ನೇರ ಕೆಳಕ್ಕೆ.

ಈಗ ಆ ಜಾಗಕ್ಕೆ ಎಫ್-35ಬಿ ಬಂದಿದೆ. ಪೈಲಟ್ ಹಿಂದೆ ಒಂದು ದೊಡ್ಡ ಫ್ಯಾನ್, ಹಿಂದೆ ಕೆಳಕ್ಕೆ ಬಾಗುವ ನಳಿಕೆ. ಸಮತೋಲವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಗಾಳಿಸೂಚಿ ಬೇಕಿಲ್ಲ. ಮೇಲೆದ್ದ ಮೇಲೆ ಆ ಫ್ಯಾನ್ ಮತ್ತೆ ಸುಮ್ನೆ ಹೊತ್ತು ತಿರುಗುವ ಭಾರವೇ. ಅದನ್ನು ಮಾಡಿದವರು ಹೆಸರಿನ ವಿಷಯದಲ್ಲಿ ಹುಷಾರಾಗಿದ್ದಾರೆ: ಸ್ವಲ್ಪ ಓಡಿ ಏಳುವ, ನೇರ ಇಳಿಯುವ ವಿಮಾನ ಎಂದಷ್ಟೇ ಕರೆಯುತ್ತಾರೆ.