ಮರಿ ಮೊಲ ಒಣಹುಲ್ಲು ತಿನ್ನಲ್ಲ ಅನ್ನೋರಿಗೆ

“ಡಾಕ್ಟ್ರೇ, ನಮ್ಮ ಮರಿಗೆ ಒಣಹುಲ್ಲು ಇಷ್ಟಾನೇ ಇಲ್ಲ, ಮೂಸಿ ನೋಡಿ ಹೋಗ್ಬಿಡತ್ತೆ, ಅದಕ್ಕೇ ಪೆಲೆಟ್ ಸ್ವಲ್ಪ ಜಾಸ್ತಿ ಹಾಕ್ತಿದೀವಿ.” ಮೊಲ ಸಾಕೋರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳೋ ಮಾತು ಇದು. (ಪೆಲೆಟ್ ಅಂದ್ರೆ ಪುಡಿ ಮಾಡಿ ಒತ್ತಿ ಗುಳಿಗೆ ಥರ ಮಾಡಿದ ಪ್ಯಾಕೆಟ್ ಆಹಾರ.) ಹೇಳೋರೆಲ್ಲ ಒಳ್ಳೆ ಮನಸ್ಸಿನೋರೇ, ಮರಿ ಹಸಿದಿರಬಾರ್ದು ಅನ್ನೋ ಕಾಳಜಿ ಇರೋರೇ, ಆದ್ರೂ ಪ್ರತಿ ಸಲ ಕೇಳಿದಾಗ್ಲೂ ನನಗೆ ತಾಳ್ಮೆ ಕಳೆಯತ್ತೆ, ಯಾಕಂದ್ರೆ ಕಾರಣ ಮತ್ತು ಪರಿಣಾಮ ಇಲ್ಲಿ ಪೂರ್ತಿ ತಿರುಗುಮುರುಗಾಗಿದೆ. ಹುಲ್ಲು ತಿನ್ನಲ್ಲ ಅಂತ ನೀವು ಪೆಲೆಟ್ ಜಾಸ್ತಿ ಮಾಡ್ಲಿಲ್ಲ, ಪೆಲೆಟ್ ಜಾಸ್ತಿ ಮಾಡಿದ್ದಕ್ಕೇ ಅದು ಹುಲ್ಲು ಬಿಟ್ಟಿದೆ. ಊಟಕ್ಕೆ ಮುಂಚೆ ಹೊಟ್ಟೆ ತುಂಬ ಬಿಸ್ಕತ್ತು ತಿಂದ ಮಗು ಊಟ ಬೇಡ ಅಂದ್ರೆ ಅದಕ್ಕೆ ಊಟ ಇಷ್ಟ ಇಲ್ಲ ಅಂತ ಯಾರೂ ಹೇಳಲ್ಲ ಅಲ್ವಾ.

ಈಚೆಗೆ ಒಂದು ದಂಪತಿ ತಮ್ಮ ಮರೀನ ತಂದಿದ್ರು, ಹತ್ತಿ ಅಂತ ಹೆಸರು, ಹತ್ತು ವಾರ ಇರ್ಬಹುದು, ಹೆಸರಿಗೆ ತಕ್ಕ ಹಾಗೆ ಬೆಳ್ಳಗೆ ಉಂಡೆ ಥರ. ಅದೇ ದೂರು. ನಾನು ಇಂಥ ಕೇಸಲ್ಲಿ ಯಾವಾಗ್ಲೂ ಪಂಜರದ ಫೋಟೋ ಕೇಳ್ತೀನಿ, ಬಾಯಿಮಾತಿಗಿಂತ ಫೋಟೋ ಜಾಸ್ತಿ ಹೇಳತ್ತೆ. ನೋಡಿದ್ರೆ ಒಂದು ದೊಡ್ಡ ಬಟ್ಟಲು, ಅದರ ತುಂಬ ಬಣ್ಣಬಣ್ಣದ ಮಿಕ್ಸ್ ಫುಡ್. ಸರಿಯಾಗಿ ಝೂಮ್ ಮಾಡಿದ್ರೆ ಹಳದಿ ಜೋಳದ ಚಕ್ಕೆ, ಬಟಾಣಿ, ಒಣಹಣ್ಣಿನ ತುಂಡು ಎಲ್ಲ ಖಾಲಿ, ತಳದಲ್ಲಿ ಕಂದು ಬಣ್ಣದ ಪೆಲೆಟ್ ಮಾತ್ರ ಉಳಿದಿದೆ. ಅವ್ರು ದಿನಾ ಬೆಳಿಗ್ಗೆ “ಖಾಲಿ ಆಗಿದೆ” ಅಂತ ಅದರ ಮೇಲೇ ಇನ್ನೊಂದು ಹಿಡಿ ಸುರಿತಿದ್ರು. ಹುಲ್ಲು? ಮೂಲೇಲಿ ಮೇಲ್ಗಡೆ ಒಂದು ತಂತಿ ರ‍್ಯಾಕ್, ಅದರೊಳಗೆ ಅಲಂಕಾರಕ್ಕೆ ಇಟ್ಟ ಹಾಗೆ ಒಂದು ಸಣ್ಣ ಕಟ್ಟು, ಮರಿ ಹಿಂಗಾಲ ಮೇಲೆ ನಿಂತ್ರೂ ಸರಿಯಾಗಿ ಎಟುಕಲ್ಲ. ಮರಿಗೆ ಹುಲ್ಲು ಇಷ್ಟ ಇದ್ಯೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ ಅದಕ್ಕೆ ಅವಕಾಶಾನೇ ಸಿಕ್ಕಿಲ್ಲ.

ಆ ಮಿಕ್ಸ್ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ. ಮೊಲ ಅದರಲ್ಲಿ ಸಿಹಿ, ಪಿಷ್ಟ ಇರೋದನ್ನೇ ಆರಿಸಿ ತಿಂದು ನಾರು ಇರೋದನ್ನ ಬಿಡತ್ತೆ. ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಆಹಾರ ಕೊಟ್ಟು ಹೋಲಿಸಿ ನೋಡಿದಾಗ ಇಂಥ ಮಿಕ್ಸ್ ತಿಂದ ಮೊಲಗಳಲ್ಲಿ ಬೊಜ್ಜು, ಹಲ್ಲಿನ ತೊಂದ್ರೆ ಎಲ್ಲ ಕಂಡ್ಕೊಂಡಿದೆ, ಅವು ಹುಲ್ಲನ್ನೂ ಕಮ್ಮಿ ತಿಂದಿವೆ. ಮನೇಲಿ ಇದ್ರೆ ನಿಧಾನಕ್ಕೆ ನಿಲ್ಸಿ, ಮತ್ತೆ ತರಬೇಡಿ.

ಈಗ ಹುಲ್ಲು ಯಾಕೆ ಅಷ್ಟು ಮುಖ್ಯ. ಇದನ್ನ ನಾನು ಉದ್ದಕ್ಕೆ ಹೇಳ್ತೀನಿ, ಸಹಿಸ್ಕೊಳ್ಳಿ, ಯಾಕಂದ್ರೆ ಇದೊಂದು ಅರ್ಥ ಆದ್ರೆ ಬಾಕಿದೆಲ್ಲ ತಾನಾಗೇ ಸರಿಹೋಗತ್ತೆ. ಮೊಲದ ಕರುಳು ತಿಂದದ್ದನ್ನ ಎರಡು ಪಾಲು ಮಾಡತ್ತೆ. ಒರಟಾದ, ಉದ್ದ ನಾರು ಜೀರ್ಣ ಆಗಲ್ಲ, ಅದು ಬೇಗ ಮುಂದೆ ಸಾಗಿ ನೀವು ದಿನಾ ಗುಡಿಸೋ ಆ ದುಂಡನೆ ಗಟ್ಟಿ ಹಿಕ್ಕೆ ಆಗಿ ಬರತ್ತೆ. ನುಣ್ಣಗಿರೋ ಕಣ ಮತ್ತು ದ್ರವ ಹಿಂದಕ್ಕೆ ತಳ್ಳಲ್ಪಟ್ಟು ಸೀಕಮ್ ಅನ್ನೋ ದೊಡ್ಡ ಚೀಲಕ್ಕೆ ಹೋಗಿ ಅಲ್ಲಿ ಬ್ಯಾಕ್ಟೀರಿಯಾ ಅದನ್ನ ಹುದುಗಿಸ್ತವೆ. ಜೀರ್ಣ ಆಗದ ನಾರಿನಿಂದ ಏನು ಪ್ರಯೋಜನ ಅಂತ ಕೇಳ್ತಾರೆ, ಪ್ರಯೋಜನ ಅದೇ, ಕರುಳು ಚಲಿಸ್ತಾ ಇರೋದೇ ಆ ನಾರಿನಿಂದ. ಅದು ಕಮ್ಮಿ ಆದ್ರೆ ಕರುಳು ನಿಧಾನ ಆಗತ್ತೆ, ಗ್ಯಾಸ್ ತುಂಬತ್ತೆ, ನೋವಾಗತ್ತೆ, ನೋವಿಗೆ ಮೊಲ ತಿನ್ನೋದು ನಿಲ್ಸತ್ತೆ, ತಿನ್ನದೇ ಇದ್ದಿದ್ದಕ್ಕೆ ಕರುಳು ಇನ್ನೂ ನಿಧಾನ. ಮೊಲಕ್ಕೆ ವಾಂತಿ ಮಾಡಿ ಹೊರಗೆ ಹಾಕೋಕೂ ಆಗಲ್ಲ. ಇನ್ನೊಂದು ಕಡೆ ಪಿಷ್ಟ, ಸಕ್ಕರೆ ಜಾಸ್ತಿ ಆಗಿ ಸೀಕಮ್‌ಗೆ ತಲುಪಿದ್ರೆ ಅಲ್ಲಿ ಬೇಡದ ಬ್ಯಾಕ್ಟೀರಿಯಾ ಹೆಚ್ಚಾಗಿ ವಿಷ ಬಿಡ್ತವೆ, ಎಳೇ ಮರಿಗಳಲ್ಲಂತೂ ಇದು ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದು.

ಇಷ್ಟು ಹೇಳಿದ್ಮೇಲೂ ಸ್ವಲ್ಪ ಓದ್ಕೊಂಡು ಬಂದಿರೋರು ಒಂದು ಪ್ರಶ್ನೆ ಎತ್ತೇ ಎತ್ತುತಾರೆ: “ಪೆಲೆಟ್ ಪ್ಯಾಕೆಟ್ ಮೇಲೆ ಫೈಬರ್ 20 ಪರ್ಸೆಂಟ್ ಅಂತ ಇದ್ಯಲ್ಲ, ಸಾಕಲ್ವಾ?” ಸಾಲಲ್ಲ. ಪೆಲೆಟ್ ಮಾಡೋವಾಗ ಆ ನಾರನ್ನ ಪುಡಿ ಮಾಡಿ ಒತ್ತಿರ್ತಾರೆ. ಲೆಕ್ಕಕ್ಕೆ ನಾರು ಇದೆ, ಆದ್ರೆ ಕಣ ಸಣ್ಣದು, ಕರುಳಿನ ದೃಷ್ಟೀಲಿ ಅದರಲ್ಲಿ ಬಹುಪಾಲು ಸೀಕಮ್‌ಗೆ ಹೋಗೋ ಪಾಲು. ಕರುಳನ್ನ ತಳ್ಳೋಕೆ ಬೇಕಿರೋದು ಉದ್ದ ಎಳೆ. ಪ್ಯಾಕೆಟ್ ಮೇಲಿನ ನಂಬರ್ ನೋಡೋದು ಒಳ್ಳೇದೇ, ನಾನೂ 18ಕ್ಕಿಂತ ಕಮ್ಮಿ ಇರೋದನ್ನ ಬೇಡ ಅಂತೀನಿ, ಆದ್ರೆ ಅದು ಹುಲ್ಲಿನ ಬದಲಿ ಅಲ್ಲ.

ಮತ್ತೆ ಹಲ್ಲು. ಮೊಲದ 28 ಹಲ್ಲೂ ಜೀವನಪೂರ್ತಿ ಬೆಳಿತಾನೇ ಇರ್ತವೆ, ಮುಂದಿನ ಬಾಚಿಹಲ್ಲು ವಾರಕ್ಕೆ 2 ಮಿಲಿಮೀಟರ್ ಆಸುಪಾಸು. ಜನ ಮುಂದಿನ ಹಲ್ಲನ್ನ ಮಾತ್ರ ನೋಡ್ತಾರೆ, ಮರದ ತುಂಡು ಕೊಟ್ಟಿದೀವಿ ಕಡಿತಾ ಇದೆ ಅಂತಾರೆ. ತೊಂದ್ರೆ ಕೊಡೋದು ಹಿಂದಿನ ದವಡೆಹಲ್ಲು. ಹುಲ್ಲು ತಿನ್ನುವಾಗ ದವಡೆ ಅಕ್ಕಪಕ್ಕ ಹೊರಳಿ ಅರೆಯತ್ತೆ, ಗಂಟೆಗಟ್ಟಲೆ, ಅದರಿಂದ ಹಲ್ಲು ಸಮವಾಗಿ ಸವೆಯತ್ತೆ. ಪೆಲೆಟ್ ಕಟಕ್ ಅಂತ ಒಡೆದು ಕೆಲವೇ ನಿಮಿಷಕ್ಕೆ ಮುಗಿದೋಗತ್ತೆ. ಸವೆಯದ ಹಲ್ಲಿನ ಅಂಚು ಮುಳ್ಳಿನ ಥರ ಚೂಪಾಗಿ ನಾಲಿಗೆ, ಕೆನ್ನೆ ಕೊರೆದಿರೋದನ್ನ ನಾನು ನೋಡ್ತಾನೇ ಇರ್ತೀನಿ, ಆಮೇಲೆ ಅರಿವಳಿಕೆ ಕೊಟ್ಟು ಉಜ್ಜಬೇಕು, ಅದೂ ಒಂದು ಸಲಕ್ಕೆ ಮುಗಿಯೋದು ಅಪರೂಪ.

ಸರಿ, ಹಾಗಿದ್ರೆ ಏನು ಮಾಡೋದು. ನಾಳೆಯಿಂದಾನೇ ಪೆಲೆಟ್ ನಿಲ್ಸಿ ಹುಲ್ಲು ತಿಂದ್ರೆ ತಿನ್ಲಿ ಅಂತ ಹಠ ಹಿಡೀಬೇಡಿ, ದಯವಿಟ್ಟು. ಉಪವಾಸ ಕೆಡವಿ ಕಲಿಸೋ ಪ್ರಾಣಿ ಅಲ್ಲ ಇದು, ಬೆಳೆಯೋ ಮರಿಯಂತೂ ಅಲ್ವೇ ಅಲ್ಲ. ಯಾವ ಬದಲಾವಣೆ ಆದ್ರೂ 7ರಿಂದ 10 ದಿನ ಹಿಡಿಯತ್ತೆ ಅಂದ್ಕೊಳ್ಳಿ. ಇಡೀ ದಿನ ತುಂಬಿರೋ ಬಟ್ಟಲನ್ನ ತೆಗೆದು ಬೆಳಿಗ್ಗೆ ಸಂಜೆ ಅಳತೆ ಮಾಡಿ ಕೊಡಿ, ಮಧ್ಯದ ಹೊತ್ತೆಲ್ಲ ಹುಲ್ಲಿಗೆ ಬಿಡಿ. ಹುಲ್ಲನ್ನ ರ‍್ಯಾಕಿಂದ ಇಳಿಸಿ ಅದು ಮಲ ಮಾಡೋ ಟ್ರೇಯ ಒಂದು ಬದಿಗೆ ರಾಶಿ ಹಾಕಿ. ಗಲೀಜು ಅನ್ಸತ್ತೆ, ಗೊತ್ತು, ಆದ್ರೆ ಮೊಲ ಕೂತು ಹಿಕ್ಕೆ ಹಾಕ್ತಾ ಹಾಕ್ತಾನೇ ಮೇಯೋ ಪ್ರಾಣಿ, ಈ ಒಂದೇ ಬದಲಾವಣೆಗೆ ತಿನ್ನೋಕೆ ಶುರು ಮಾಡಿದ ಮರಿಗಳು ಬೇಕಾದಷ್ಟಿವೆ. ದಿನಕ್ಕೆ ಕನಿಷ್ಠ ಅದರ ಮೈಯಷ್ಟು ದೊಡ್ಡ ರಾಶಿ, ತುಳಿದು ಒದ್ದೆ ಆಗಿದ್ದನ್ನ ತೆಗೆದು ಹೊಸದು. ಹತ್ತಿಗೆ ಹೀಗೇ ಮಾಡಿಸ್ದೆ, ಮುಂದಿನ ಸಲ ಬಂದಾಗ ಬುಟ್ಟಿ ತುಂಬ ಹುಲ್ಲು ಹಾಕ್ಕೊಂಡೇ ತಂದಿದ್ರು, ಪರೀಕ್ಷೆ ಟೇಬಲ್ ಮೇಲೂ ಅದು ಒಂದು ಎಳೆ ಬಾಯಲ್ಲಿಟ್ಕೊಂಡು ಎಳ್ಕೊಳ್ತಾನೇ ಇತ್ತು, ಅವರ ಮುಖ ನೋಡಿ ನನಗೆ ತುಂಬ ಖುಷಿ ಆಯ್ತು.

ಪೆಲೆಟ್ ಎಷ್ಟು ಅನ್ನೋದಕ್ಕೆ ವೈದ್ಯರಲ್ಲೇ ಒಂದೇ ಮಾತಿಲ್ಲ. ದೊಡ್ಡ ಮೊಲಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಅನ್ನೋದು ಸಾಮಾನ್ಯ ಮಿತಿ. ಬೆಳೆಯೋ ಮರಿಗೆ ಅದಕ್ಕಿಂತ ಜಾಸ್ತಿ ಬೇಕಾಗತ್ತೆ, ಕೆಲವ್ರು 6-7 ತಿಂಗಳವರೆಗೂ ಧಾರಾಳವಾಗಿ ಕೊಡಿ ಅಂತಾರೆ, ನಾನು ಆ ಧಾರಾಳಕ್ಕೆ ಒಪ್ಪಲ್ಲ, ಆದ್ರೆ ನಿಮ್ಮ ಮರಿಯ ತಳಿ, ತೂಕ ನೋಡದೆ ಇಲ್ಲಿ ಒಂದು ನಂಬರ್ ಬರೆಯೋದೂ ಸರಿಯಲ್ಲ. ಅಡುಗೆಮನೆ ತಕ್ಕಡೀಲಿ ವಾರಕ್ಕೊಂದು ಸಲ ತೂಗಿ ಬರೆದಿಡಿ. ಗ್ರಾಂ ಏರ್ತಾ ಇದ್ದು, ಹುಲ್ಲಿನ ರಾಶಿ ಇಳಿತಾ ಇದ್ರೆ ನಿಮ್ಮ ಅಳತೆ ಸರಿ ಇದೆ. ತೂಕ ನಿಂತ್ರೆ ಅಥವಾ ಇಳಿದ್ರೆ ಪೆಲೆಟ್ ಕಮ್ಮಿ ಮಾಡೋದನ್ನ ನಿಲ್ಸಿ ಕರೆದುಕೊಂಡು ಬನ್ನಿ.

ಯಾವ ಹುಲ್ಲು ಅಂತ. ಟಿಮೊಥಿ, ಓಟ್ಸ್ ಹುಲ್ಲು, ಯಾವುದೇ ಒಳ್ಳೆ ಮೇವಿನ ಹುಲ್ಲು ಹೂ ಬಿಡೋ ಹೊತ್ತಿಗೆ ಕೊಯ್ದು ಒಣಗಿಸಿದ್ದು ಆಗತ್ತೆ. ಕಾಳು ಬಡಿದಾದ್ಮೇಲೆ ಉಳಿಯೋ ಒಣ ದಂಟು ಬೇರೆ, ಅದು ಹಾಸಿಗೆಗೆ ಸರಿ, ಊಟಕ್ಕಲ್ಲ. ಪ್ಯಾಕೆಟ್ ಬಿಚ್ಚಿದಾಗ ಘಮ್ಮನೆ ಹುಲ್ಲಿನ ವಾಸನೆ ಬರ್ಬೇಕು, ಮುಗ್ಗಲು ವಾಸನೆ, ಧೂಳು ಇದ್ರೆ ಬೇಡ, ಅಂಥದ್ದನ್ನ ಮರಿ ಬಿಟ್ರೆ ತಪ್ಪು ಮರೀದಲ್ಲ. ಲೂಸರ್ನ್, ಅಂದ್ರೆ ಕುದುರೆಮಸಾಲೆ ಸೊಪ್ಪು ಒಣಗಿಸಿದ್ದು, ಪ್ರೋಟೀನ್ ಕ್ಯಾಲ್ಸಿಯಂ ಎರಡೂ ಜಾಸ್ತಿ, ಬೆಳೆಯೋ ಮರಿಗೆ ಒಳ್ಳೇದು, ಆದ್ರೆ ಅದರ ಜೊತೆ ಹುಲ್ಲೂ ಮೊದಲ ದಿನದಿಂದ ಇರ್ಲಿ, ಇಲ್ಲಾಂದ್ರೆ 6 ತಿಂಗಳಾದ್ಮೇಲೆ ಲೂಸರ್ನ್ ಬಿಡಿಸೋವಾಗ ಇದೇ “ಇಷ್ಟ ಇಲ್ಲ” ಕಥೆ ಮತ್ತೆ ಶುರು. ಬಿಡಿಸೋದು ಯಾಕೆ ಅಂದ್ರೆ ಮೊಲ ತಿಂದ ಕ್ಯಾಲ್ಸಿಯಂ ಬಹುಪಾಲು ಹೀರ್ಕೊಂಡು ಹೆಚ್ಚಾದದ್ದನ್ನ ಮೂತ್ರದಲ್ಲಿ ಹೊರಗೆ ಹಾಕತ್ತೆ, ಬೆಳವಣಿಗೆ ನಿಂತ ಮೇಲೂ ಅಷ್ಟೇ ಕೊಟ್ರೆ ಮೂತ್ರ ಕೆಸರಿನ ಥರ ಗಟ್ಟಿಯಾಗಿ ಕಲ್ಲಾಗೋ ಸಾಧ್ಯತೆ ಇರತ್ತೆ.

ತೀರಾ ಎಳೇ ಮರಿ ತಂದಿರೋರಿಗೆ. 8 ವಾರ ತಾಯಿ ಜೊತೆ ಇರ್ಬೇಕು, ಆದ್ರೆ 4-5 ವಾರದ್ದನ್ನ ಎರಡು ತಿಂಗಳು ಅಂತ ಹೇಳಿ ಕೊಡೋರಿದಾರೆ. ಹಾಲು ಕುಡಿಯೋ ಮರಿಯ ಹೊಟ್ಟೇಲಿ ಆಮ್ಲ ಕಮ್ಮಿ, ತಾಯಿ ಹಾಲಿನ ಕೊಬ್ಬಿನ ಆಮ್ಲಗಳೇ ಕೀಟಾಣು ತಡೀತವೆ. ಹಾಲು ಬಿಟ್ಟ ಮೇಲೆ ಹೊಟ್ಟೆ ನಿಧಾನಕ್ಕೆ ದೊಡ್ಡ ಮೊಲದ ಹಾಗೆ ಬಲವಾದ ಆಮ್ಲಕ್ಕೆ ಬರತ್ತೆ. ಈ ಎರಡರ ಮಧ್ಯದ ಕಾಲದಲ್ಲೇ ನಾವು ಮನೆ ಬದಲಾಯಿಸಿ, ಪೆಲೆಟ್ ಬದಲಾಯಿಸಿ, ಕ್ಯಾರೆಟ್ ಬಾಳೆಹಣ್ಣು ತಿನ್ಸಿ, ಮಕ್ಕಳ ಕೈಲಿ ಕೊಟ್ಟು ಎಲ್ಲಾನೂ ಒಟ್ಟಿಗೆ ಮಾಡ್ತೀವಿ. ಮೊದಲ ಎರಡು ವಾರ ಅದು ಮೊದಲು ತಿಂತಿದ್ದ ಅದೇ ಪೆಲೆಟ್, ಹುಲ್ಲು, ಬಟ್ಟಲಲ್ಲಿ ನೀರು, ಇಷ್ಟೇ. ಹಸುವಿನ ಹಾಲು ಬೇಡ.

ಸೊಪ್ಪು 12 ವಾರ ಆದ್ಮೇಲೆ, ಒಂದು ಸಲಕ್ಕೆ ಒಂದೇ ಥರ, ಒಂದೆರಡು ಎಲೆ, ಎರಡು ಮೂರು ದಿನ ಹಿಕ್ಕೆ ನೋಡಿ ಮುಂದಿನದು. ಕೊತ್ತಂಬರಿ, ಪುದೀನ, ಕ್ಯಾರೆಟ್ಟಿನ ಎಲೆ ಎಲ್ಲ ಆಗತ್ತೆ. ಕ್ಯಾರೆಟ್ ಗೆಡ್ಡೆ ಸಿಹಿ, ಅದು ಕಾರ್ಟೂನ್ ಮೊಲದ ಊಟ, ನಿಮ್ಮ ಮೊಲಕ್ಕೆ ದೊಡ್ಡದಾದ್ಮೇಲೆ ಅಪರೂಪಕ್ಕೆ ಒಂದು ತೆಳು ಬಿಲ್ಲೆ, ಹಣ್ಣೂ ಹಾಗೇ. ಈರುಳ್ಳಿ, ಬೆಳ್ಳುಳ್ಳಿ, ಆವಕಾಡೊ, ಚಾಕೊಲೇಟ್, ಆಲೂಗಡ್ಡೆ ಟೊಮೆಟೊ ಗಿಡದ ಎಲೆ ಬೇಡವೇ ಬೇಡ.

ಇನ್ನೊಂದು ಗೊಂದಲ ಆಗೋದು ಹಿಕ್ಕೆ ವಿಷಯದಲ್ಲಿ. ಸೀಕಮ್‌ನಲ್ಲಿ ಹುದುಗಿದ್ದು ಮೆತ್ತಗೆ, ಹೊಳೆಯೋ ದ್ರಾಕ್ಷಿ ಗೊಂಚಲಿನ ಆಕಾರದಲ್ಲಿ ಬರತ್ತೆ, ಮೊಲ ಅದನ್ನ ನೇರವಾಗಿ ಬಾಯಿ ಹಾಕಿ ತಿನ್ನತ್ತೆ, ಅದರಲ್ಲಿ ವಿಟಮಿನ್, ಪ್ರೋಟೀನ್ ಇದೆ, ಬೈದು ಬಿಡಿಸೋಕೆ ಹೋಗ್ಬೇಡಿ. ಆದ್ರೆ ಪೆಲೆಟ್ ಹೊಟ್ಟೆ ತುಂಬ ತಿಂದ ಮರಿ ಅದನ್ನ ತಿನ್ನದೇ ಬಿಟ್ಟು, ತುಳಿದು, ಬಾಲಕ್ಕೆ ಮೆತ್ಕೊಂಡು ಕೂತಿರತ್ತೆ. ಲೂಸ್ ಮೋಷನ್ ಅಂತ ಹೆದರಿ ಮನೇಲಿರೋ ಆ್ಯಂಟಿಬಯೋಟಿಕ್ ಕೊಡ್ತಾರೆ. ಅಮಾಕ್ಸಿಸಿಲಿನ್ ಥರದ್ದು ಬಾಯಿ ಮೂಲಕ ಕೊಟ್ರೆ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೇ ಹೋಗ್ಬಹುದು. ಗಟ್ಟಿ ಹಿಕ್ಕೆಯೂ ಮಾಮೂಲಿ ಹಾಗೆ ಬರ್ತಿದ್ರೆ ಅದು ಬಹುಶಃ ಆಹಾರದ ಲೆಕ್ಕ ತಪ್ಪಿದ್ದು. ಗಟ್ಟಿ ಹಿಕ್ಕೆ ನಿಂತು ನೀರು ನೀರಾಗಿ ಹೋಗ್ತಿದ್ರೆ ಅದು ನಿಜವಾದ ಭೇದಿ, ಮರಿಯಲ್ಲಿ ಆವತ್ತೇ, ಆ ಗಂಟೇಲೇ ಬರ್ಬೇಕು.

ಹಾಗೇ, ನಿನ್ನೆವರೆಗೂ ಹುಲ್ಲು ತಿಂತಿದ್ದ ಮರಿ ಇವತ್ತು ಬಿಟ್ರೆ ನಾನು ಮೇಲೆ ಹೇಳಿದ್ದೆಲ್ಲ ಅದಕ್ಕೆ ಅನ್ವಯಿಸಲ್ಲ. ಅದು ಹಲ್ಲಿನ ನೋವೋ ಹೊಟ್ಟೆ ನೋವೋ ಇರ್ಬಹುದು. ಮೂಲೇಲಿ ಮುದುಡಿ ಕೂತಿದೆ, ಹಲ್ಲು ಕಡಿತಿದೆ, ಹಿಕ್ಕೆ ಸಣ್ಣದಾಗಿದೆ ಅಥವಾ ನಿಂತೇ ಹೋಗಿದೆ ಅಂದ್ರೆ ಬೆಳಿಗ್ಗೆವರೆಗೂ ನೋಡೋಣ ಅನ್ಬೇಡಿ, ದೊಡ್ಡ ಮೊಲದಲ್ಲೇ 12 ಗಂಟೆ ಉಪವಾಸ ತುರ್ತು ಅಂತ ಲೆಕ್ಕ, ಮರೀಲಿ ಅಷ್ಟೂ ಕಾಯೋ ಹಾಗಿಲ್ಲ. ಬರೋವಾಗ ಒಂದು ಹಿಡಿ ಹಿಕ್ಕೆ ಕವರಲ್ಲಿ ಹಾಕ್ಕೊಂಡು, ಪೆಲೆಟ್ ಪ್ಯಾಕೆಟ್ಟು, ತೂಕ ಬರೆದ ಚೀಟಿ ತನ್ನಿ, ದಾರೀಲಿ ತಿನ್ನೋಕೆ ಬುಟ್ಟಿಗೆ ಹುಲ್ಲು ಹಾಕಿ.